ನಗೋಯಾದಲ್ಲಿ ಹುಟ್ಟಿದ ಗಳಿಗೆ

ಮೂಲಾ ನಕ್ಷತ್ರದ ಹುಡುಗಿ ಮನೆ ತುಂಬಿದರೆ ಮಾವ ಉಳಿಯುವುದಿಲ್ಲವಂತೆ. ಯಾವ ಪುಣ್ಯಾತ್ಮ ಕಂಡು ಬಂದು ಹೇಳಿದನೋ! ಆ ಒಂದು ಮಾತಿನಿಂದಾಗಿ ಸಹಕಾರನಗರದ ರಾಧಾಮಣಿಯ ಮಗಳು ಕೀರ್ತಿಗೆ ಬರುತ್ತಿದ್ದ ಸಂಬಂಧಗಳೆಲ್ಲ ತಂದೆಯಿಲ್ಲದ ಹುಡುಗರವೇ. ಕೊನೆಗೆ ಹುಡುಗಿ ತಾನೇ ಬೈರೇಶನನ್ನು ಮೆಚ್ಚಿಕೊಂಡಳು. ಅವನಿಗೋ, ಕೊಡಿಗೇಹಳ್ಳಿಯ ಹೊಲಗಳನ್ನೆಲ್ಲ ಸೈಟು ಮಾಡಿ ಮಾರಿದ ಅಪ್ಪ ಚಿಕ್ಕಬೈರಪ್ಪ ಗುಂಡುಕಲ್ಲಿನ ಹಾಗಿದ್ದಾರೆ. ಶಾಂತಿ ಹೋಮ ಮಾಡಿಸೋಣ ಎಂದು ರಾಧಾಮಣಿ ಅಂಗಲಾಚಿದರೆ, "ಪ್ರಾಣದ ಇಸ್ಯ ಕಣಮ್ಮ. ಓಮಕ್ಕೆಲ್ಲ ಓಗೋ ದೋಸ ಅಲ್ಲ ಇದು" ಎಂದುಬಿಟ್ಟಿದ್ದರು.

ಒಂದು ಬೆಳಿಗ್ಗೆ ಕೀರ್ತಿ ಲ್ಯಾಪ್‌ಟಾಪ್ ಹಿಡಿದು ರೂಮಿಗೆ ಓಡುತ್ತಿದ್ದಳು. "ತಿಂಡಿ ಆಮೇಲೆ ಅಮ್ಮಾ, ಜಪಾನ್‌ನೋರ ಮೀಟಿಂಗ್. ನಮ್ಗೆ ಏಳೂವರೆ ಅಂದ್ರೆ ಅವ್ರಿಗೆ ಹನ್ನೊಂದು."

ರಾಧಾಮಣಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಗಂಡ ಅನಂತರಾಜುವನ್ನು ಕಾರ್ಖಾನೆಯವರು ಜಪಾನಿನ ನಗೋಯಾಕ್ಕೆ ಕಳಿಸಿದ್ದಾಗ ಹುಟ್ಟಿದ ಮಗಳು ಇವಳು. ಜಾತಕ ಬರೆಸಿದ್ದು ಮಾತ್ರ ಇಲ್ಲಿ, ಯಲಹಂಕದಲ್ಲಿದ್ದ ಅತ್ತೆ.

"ರೀ, ಅತ್ತೆಗೆ ಫೋನಲ್ಲಿ ಯಾವ ಟೈಮ್ ಹೇಳಿದ್ರಿ?"

"ಬೆಳಗಿನ ಜಾವ ಐದು. ಆಸ್ಪತ್ರೆ ಗಡಿಯಾರದಲ್ಲಿ ಅಷ್ಟೇ ಇತ್ತಲ್ಲೇ."

"ಅಲ್ಲಿ ಐದಾದ್ರೆ ಇಲ್ಲಿ ಒಂದೂವರೆ ಕಣ್ರೀ! ಕೂದಲೆಳೆ ಅಳೆಯೋ ಮೆಷಿನ್ ಜೊತೆ ಜೀವನ ಕಳೆದ್ರಿ, ಮೂರೂವರೆ ಗಂಟೆ ಕಳೆಯಕ್ಕೆ ಬರ್ಲಿಲ್ವಾ?"

ಸಿಟ್ಟಿನಲ್ಲಿ ಅವಳಿಗೆ ಎರಡೂ ಊರು ಕಣ್ಣಮುಂದೆ ಬಂದವು. ನಗೋಯಾದಲ್ಲಿ ಮಗು ಅತ್ತರೆ ತಾನೇ ಪಕ್ಕದ ಮನೆಗೆ ಹೋಗಿ ತಲೆ ಬಗ್ಗಿಸಿ ಕ್ಷಮೆ ಕೇಳಬೇಕಿತ್ತು. ಇಲ್ಲಿ ಮಗು ಸುಮ್ಮನೆ ಮಲಗಿದ್ದರೂ ಪಕ್ಕದವರು ಬಂದು ಎಬ್ಬಿಸಿ ನೋಡುತ್ತಿದ್ದರು. ಅಲ್ಲಿ ರೈಲು ಚೂರು ತಡವಾದರೆ ಮೈಕಿನಲ್ಲಿ ಮಾಫಿ. ಇಲ್ಲಿ 'ಹೆಬ್ಬಾಳದ ಹತ್ರ ಇದೀನಿ' ಎನ್ನುವವನು ಇನ್ನೂ ಸ್ನಾನವನ್ನೇ ಮಾಡಿರುವುದಿಲ್ಲ. ಇಂಥ ಊರಿನವರು ತನ್ನ ಮಗಳು ಹುಟ್ಟಿದ ಗಳಿಗೆಯನ್ನು ಮಾತ್ರ ಉಡದ ಹಾಗೆ ಕಚ್ಚಿಕೊಂಡು ಕೂತಿದ್ದರು. ಅದೂ ತಪ್ಪು ಗಳಿಗೆಯನ್ನು!

ಜೋಯಿಸರು ಹೊಸದಾಗಿ ಲೆಕ್ಕ ಹಾಕಿ, ಮೂಲಾ ಅಲ್ಲ, ಅದರ ಹಿಂದಿನ ಜ್ಯೇಷ್ಠಾ ಎಂದರು. "ಮಾವನಿಗೆ ತೊಂದ್ರೆ ಇಲ್ಲ ತಾಯಿ. ಆದ್ರೆ ಇದು ಗಂಡನ ಅಣ್ಣನಿಗೆ ಆಗಲ್ಲ" ಎಂದೂ ಸೇರಿಸಿದರು. ಬೈರೇಶನಿಗೆ ಒಬ್ಬ ಅಣ್ಣನಿದ್ದ. ರಾಧಾಮಣಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮುಚ್ಚಿಟ್ಟು ಮದುವೆ ಮಾಡುವುದು ಬೇಡವೆಂದು ನೇರವಾಗಿ ಚಿಕ್ಕಬೈರಪ್ಪನವರ ಮನೆಗೇ ಹೋಗಿ ಎಲ್ಲವನ್ನೂ ಹೇಳಿದಳು. ಬೈರೇಶ ಅಪ್ಪನ ಪಕ್ಕದಲ್ಲೇ ಕೂತಿದ್ದ.

ಚಿಕ್ಕಬೈರಪ್ಪನವರ ಮುಖ ಅರಳಿತು. "ಅಂಗಾರೆ ನಂಗೇನೂ ಇಲ್ಲ ಅನ್ನಿ! ದೊಡ್ಡೋನ್ದು ಬಿಡಿ, ಒಂದು ಸಾಂತಿ ಓಮ ಮಾಡ್ಸಿದ್ರೆ ಆಯ್ತು. ಮದ್ವೆ ಇಟ್ಕೊಳ್ಳಣ."

ಕಾಫಿ ತಂದಿದ್ದ ಹಿರಿಸೊಸೆ ಹೇಮಾವತಿಗೆ ಮುಂದೆ ಹೆಜ್ಜೆ ಬರಲಿಲ್ಲ. "ಮಾವ, ನಿಮ್ ಪ್ರಾಣಕ್ಕೆ ಸಾಲ್ದೇ ಇದ್ದ ಹೋಮ ನಮ್ಮನೆಯವ್ರ ಪ್ರಾಣಕ್ಕೆ ಸಾಕಾ?"

"ಒಳಿಕ್ಕೋಗಮ್ಮ. ದೊಡ್ಡೋರು ಮಾತಾಡೋವಾಗ ಬಾಯಿ ಆಕ್ಬೇಡ."

ರಾಧಾಮಣಿಯ ಮೈಯೆಲ್ಲ ಉರಿದುಹೋಯಿತು. ಇಂಥವರ ಆಯಸ್ಸಿಗೆ ಹೆದರಿ ತನ್ನ ಮಗಳು ಇಷ್ಟು ವರ್ಷ ತಲೆ ತಗ್ಗಿಸಿದ್ದಳೇ?

"ಇವತ್ತು ಈ ಹೆಣ್ಮಗಳನ್ನ ಒಳಗೆ ಅಟ್ಟಿದ್ರಿ, ನಾಳೆ ನನ್ ಮಗಳನ್ನ ಅಟ್ತೀರ. ನಕ್ಷತ್ರ ಯಾವ್ದಾದ್ರೂ ಇರ್ಲಿ, ಯಜಮಾನ್ರೇ, ಈ ಮನೇಗೆ ಅವಳನ್ನ ಕೊಡೋಕೆ ನನಗೆ ಮನಸ್ಸಿಲ್ಲ" ಎಂದವಳೇ ಎದ್ದು ಹೊರಟಳು.

ಗೇಟು ದಾಟುವುದರೊಳಗೆ ಕೀರ್ತಿಯ ಫೋನು. ರಾಧಾಮಣಿ ಉಸಿರು ಬಿಡದೆ ಎಲ್ಲವನ್ನೂ ಒದರಿದಳು. ಮಗಳು ಕೇಳಿದ್ದು ಒಂದೇ ಮಾತು. "ಬೈರೇಶ್ ಏನಂದ?"

"ಅವ್ನಾ? ಅತ್ತಿಗೆ ಬೈಸ್ಕೊಂಡು ನಿಂತಿದ್ರೆ ಅವಳ ಕೈಯಲ್ಲಿದ್ದ ತಟ್ಟೆಯಿಂದ ಕಾಫಿ ಲೋಟ ಎತ್ಕೊಂಡ ಕಣೇ. ಒಂದ್ ಮಾತಾಡ್ಲಿಲ್ಲ."



"ಬಂದ್ಬಿಡು ಅಮ್ಮಾ" ಎಂದಳು ಕೀರ್ತಿ.