ತಮ್ಮನ ಹೊಟ್ಟೆ, ಅಣ್ಣನ ತಲೆ

ನನ್ನ ಗಂಡನ ಮಿದುಳಿನ ಗೆಡ್ಡೆ ಕರಗಲೆಂದು ಕೊಟ್ಟ ವಿಕಿರಣ, ಗೆಡ್ಡೆಯ ಜೊತೆಗೆ ನೆನಪನ್ನೂ ಸುಡತೊಡಗಿತ್ತು. ಊರಿಗೆಲ್ಲ ಕೋಟು ಹೊಲಿದುಕೊಟ್ಟ ಟೈಲರ್, ಈಗ ಟೇಪು ಕೆಳಗಿಡುವಷ್ಟರಲ್ಲಿ ಅಳತೆ ಮರೆಯುತ್ತಿದ್ದರು. ಮೊನ್ನೆ ಒಂದೇ ಅಂಗಿಗೆ ಎರಡೂ ತೋಳು ಎಡಗಡೆಯವನ್ನೇ ಕತ್ತರಿಸಿದರು.

"ಕರುಳಿನ ಬ್ಯಾಕ್ಟೀರಿಯಾ ಹೇಗಿದ್ರೆ ಹಾಗೆ, ವಿಕಿರಣದಿಂದ ಮಿದುಳಿಗೆ ಬೀಳೋ ಪೆಟ್ಟು ಹೆಚ್ಚುಕಡಿಮೆ ಆಗಬಹುದು," ಎಂದರು ಡಾಕ್ಟರಮ್ಮ. "ಇಲಿಗಳಲ್ಲಿ ಹಾಗೆ ಕಂಡಿದೆ. ಮನುಷ್ಯರಲ್ಲಿ ಇನ್ನೂ ಗೊತ್ತಿಲ್ಲ, ಪ್ರಯೋಗ ಮಾಡ್ತಿದ್ದೀವಿ. ಆರೋಗ್ಯವಾಗಿರೋ ಹತ್ತಿರದವರ ಮಲದಿಂದ ಬ್ಯಾಕ್ಟೀರಿಯಾ ತೆಗೆದು ಕ್ಯಾಪ್ಸೂಲ್ ಮಾಡಿ ಕೊಡ್ತೀವಿ. ಆದ್ರೆ ಕೊಡೋರು ಈಚೆಗೆ ಆ್ಯಂಟಿಬಯಾಟಿಕ್ ಮುಟ್ಟಿರಬಾರದು."

ಕಲ್ಲು ತಿಂದು ಕರಗಿಸುವವನು ನಮ್ಮಲ್ಲಿ ಒಬ್ಬನೇ, ಲಾರಿ ಓಡಿಸುವ ನನ್ನ ಮೈದುನ. "ಚಿಕ್ಕಂದಿನಲ್ಲಿ ಅಣ್ಣನೇ ನನ್ನ ಅಂಡು ತೊಳೆದಿದ್ದು ಅತ್ತಿಗೆ. ಆ ಋಣ ಹೀಗಾದ್ರೂ ತೀರಲಿ," ಎಂದು ನಗಿಸಿ ಒಪ್ಪಿಕೊಂಡ.

ಕೊಡಬೇಕಾದ ದಿನ ಆಸ್ಪತ್ರೆಗೆ ಬಂದವನ ಕೆನ್ನೆ ಊದಿತ್ತು. ನನ್ನನ್ನು ಮೆಟ್ಟಿಲ ಹತ್ತಿರ ಕರೆದ.

"ಹಲ್ಲುನೋವು ಅತ್ತಿಗೆ. ತಡೀಲಾರದೆ ಮಾತ್ರೆ ನುಂಗಿಬಿಟ್ಟೆ. ಆಮೇಲೆ ಕವರು ನೋಡಿದ್ರೆ ಆ್ಯಂಟಿಬಯಾಟಿಕ್ಕು."

"ಅಯ್ಯೋ ಪುಣ್ಯಾತ್ಮ! ಯಾರು ಕೊಟ್ರು?"

"ಅದನ್ನ ಬಿಡಿ," ಎಂದು ನೆಲ ನೋಡಿದ.

ಹೇಳಿದರೆ ಪ್ರಯೋಗದಲ್ಲಿ ಸಿಕ್ಕ ಸರದಿ ಕೈತಪ್ಪುತ್ತದೆ. ಹೇಳದಿದ್ದರೆ ಕೆಟ್ಟುಹೋದದ್ದನ್ನೇ ಗಂಡನ ಹೊಟ್ಟೆಗೆ ಹಾಕಿದಂತಾಗುತ್ತದೆ. ಅತ್ತ ದರಿ, ಇತ್ತ ಪುಲಿ. ಮೈದುನನ ಮೇಲೆ ಬಂದ ಸಿಟ್ಟಿಗೆ ಅವನ ಇನ್ನೊಂದು ಕೆನ್ನೆಯನ್ನೂ ಊದಿಸಬೇಕೆನಿಸಿತು. ಏನು ಮಾಡಬೇಕೆಂದು ತೀರ್ಮಾನವಾಗುವ ಮೊದಲೇ ನರ್ಸ್, ಹೊರಗೆ ಬೆಂಚಿನ ಮೇಲೆ ಕೂತಿದ್ದ ನನ್ನ ಗಂಡನನ್ನೂ ಸೇರಿಸಿ, ನಮ್ಮ ಮೂವರನ್ನೂ ಒಳಗೆ ಕರೆದಳು.

"ಈಚೆಗೆ ಏನಾದ್ರೂ ಮಾತ್ರೆ ತಗೊಂಡಿದ್ದೀರಾ?" ಎಂದು ಮೈದುನನನ್ನು ಕೇಳಿದಳು.

ಅವನು ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

"ತಗೊಂಡಿದ್ದಾನೆ. ನಾನೇ ಕೊಟ್ಟಿದ್ದು," ಎಂದರು ನನ್ನ ಗಂಡ.

ಮೂವರೂ ಅವರತ್ತ ತಿರುಗಿದೆವು.

"ಕೆನ್ನೆ ಹಿಡ್ಕೊಂಡು ಬಂದಿದ್ದ ಸಿಸ್ಟರ್. ನಂಗೆ ಜ್ವರ ಬಂದಾಗಿನ ಮಾತ್ರೆ ಉಳಿದಿತ್ತು. ಅರ್ಧ ಕೆಂಪು, ಅರ್ಧ ಹಳದಿ. ನಿನ್ನೆ ಇವಳು ಸ್ನಾನಕ್ಕೆ ಹೋದಾಗ ಕೊಟ್ಟೆ. ಅಣ್ಣ ಬದುಕಿರೋವಾಗ ಅವನು ಯಾಕೆ ನರಳಬೇಕು?"

ನರ್ಸ್ ಪೆನ್ನು ಕೆಳಗಿಟ್ಟಳು. "ಹಾಗಾದ್ರೆ ಈ ಸಲ ಆಗಲ್ಲಮ್ಮ. ಮುಂದೆ ಯಾವಾಗ ಅಂತ ಈಗಲೇ ಹೇಳೋಕಾಗಲ್ಲ."

ಮೈದುನ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನನ್ನ ಗಂಡನ ಮುಖದಲ್ಲಿ ಮಾತ್ರ ಎಷ್ಟೋ ದಿನದಿಂದ ಕಾಣದ ಗೆಲುವು.

"ನೋಡಿದ್ಯಾ? ಮಾತ್ರೆ ಬಣ್ಣ ಸಮೇತ ಹೇಳಿದೆ. ಒಂದೂ ಮರೆತಿಲ್ಲ."

"ಇಲ್ಲ ರೀ, ಒಂದೂ ಮರೆತಿಲ್ಲ," ಎಂದೆ. ಅಳು ತಡೆಯಲು ಅವರ ಕಾಲರು ಸರಿಮಾಡಿದೆ.

"ಸರಿ, ಏಳು ಮತ್ತೆ, ಅಂಗಡಿ ತೆಗೀಬೇಕು," ಎಂದು ಎದ್ದು ನಿಂತು ಸುತ್ತಲೂ ನೋಡಿದರು. "ಅಂದ ಹಾಗೆ, ನಾವು ಇಲ್ಲಿಗೆ ಬಂದಿದ್ದು ಯಾಕೆ?"