ಗುರುವಾರಕ್ಕೊಂದು ನಾಣ್ಯ

"ಇದೇನಕ್ಕಾ, ಇವತ್ತೂ ಒಂದೇನಾ? ಡಬ್ಬಾನೇ ತಗೊಂಡು ಬನ್ನಿ ಅಂತ ಎಷ್ಟು ಸಲ ಹೇಳಿದೀನಿ."

ಹೀಗೆ ಕೇಳಿದವರು ನಾಣ್ಯದಂಗಡಿಯವರು. ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ಇವರು ನಿದ್ದೆಯಲ್ಲಾದರೂ ತೆಗೆಯುತ್ತಾರೋ ಇಲ್ಲವೋ ಅನ್ನಿಸಿ, ಮೊದಲ ದಿನವೇ ಮನಸ್ಸಿನಲ್ಲಿ ಅವರಿಗೆ ಭೂತಗನ್ನಡಿ ಅಂತ ಹೆಸರಿಟ್ಟುಬಿಟ್ಟಿದ್ದೆ.

"ಡಬ್ಬ ಭಾರ ರೀ," ಅಂದೆ.

"ನಾನೇ ಮನೆಗೆ ಬಂದು ನೋಡ್ತೀನಿ ಅಂದ್ರೆ ಅದೂ ಬೇಡ ಅಂತೀರಿ."

"ಮನೆ ಗಲೀಜಾಗಿದೆ."

"ಐದು ವಾರದಿಂದ ಗಲೀಜಾಗೇ ಇದೆಯಲ್ಲ. ಒಂದು ಪೊರಕೆ ಕೊಡಿಸ್ಲಾ?"

ಮನೆ ಗಲೀಜೇನೂ ಆಗಿರಲಿಲ್ಲ. ಇರುವುದು ಎರಡು ಕೋಣೆ, ಒಬ್ಬಳು ಹೆಂಗಸು. ಗಲೀಜು ಮಾಡುವವರಾದರೂ ಯಾರು? ಡಬ್ಬವೂ ಭಾರವಿರಲಿಲ್ಲ. ಬಿಸ್ಕತ್ತಿನ ತಗಡಿನ ಡಬ್ಬ, ಅದರಲ್ಲಿ ಅರವತ್ತೊಂದು ಪುಟ್ಟ ಕಾಗದದ ಕವರು, ಕವರಿಗೊಂದು ನಾಣ್ಯ. ಅಣ್ಣ ಬಿಟ್ಟುಹೋದ ಆಸ್ತಿ ಅಂದರೆ ಅದೇ.

ಅಣ್ಣ ಮೂವತ್ತೆರಡು ವರ್ಷ ಮನೆಮನೆಗೆ ಹೋಗಿ ಕರೆಂಟಿನ ಮೀಟರು ಓದಿದವನು. ಹಳೇ ಮನೆಗಳಲ್ಲಿ ಮೀಟರಿನ ಪಕ್ಕ ಒಂದು ಗೂಡೋ ಡ್ರಾಯರೋ ಇರುತ್ತದೆ, ಅದರಲ್ಲಿ ಯಾರಿಗೂ ಬೇಡದ ಹಳೇ ಕಾಸು ಬಿದ್ದಿರುತ್ತದೆ. ಅಣ್ಣ ಕೇಳುತ್ತಿದ್ದ, ಅವರು ಕೊಡುತ್ತಿದ್ದರು. ಇವನು ಬದಲಿಗೆ ಹೊಸದೊಂದು ಕಾಸು ಇಟ್ಟು ಬರುತ್ತಿದ್ದ. ಕವರಿನ ಮೇಲೆ ನಾಣ್ಯದ ವಿಚಾರ ಏನೂ ಬರೆದಿರಲಿಲ್ಲ. ಬರೆದದ್ದೆಲ್ಲ ಮನೆಯ ವಿಚಾರ: "ಹಸಿರು ಗೇಟು, ಮೂರನೇ ಮಹಡಿ, ಕೆಮ್ಮುವ ಯಜಮಾನರು." "ಅತ್ತೆ ಸೊಸೆ ಮಾತಿಲ್ಲ, ಇಬ್ಬರೂ ಒಂದೊಂದು ಕೊಟ್ಟರು."

ಮದುವೆಯ ಗೊಡವೆಗೆ ನಾವಿಬ್ಬರೂ ಹೋಗಲಿಲ್ಲ. ಅವನು ಮೀಟರು ಓದಿ ಬರುವನು, ನಾನು ಟೆಲಿಫೋನ್ ಕಚೇರಿಯಿಂದ ಬರುವೆ. ನನ್ನದು ನಂಬರು ಹುಡುಕಿಕೊಡುವ ಕೆಲಸ. ದಿನವಿಡೀ ಕಿವಿಯಲ್ಲಿ ಜನ: ಆಸ್ಪತ್ರೆ ನಂಬರು ಕೇಳಿ ಅಳುವವರು, ನಂಬರು ಕೊಟ್ಟರೂ ಫೋನಿಡದೆ "ನಿಮ್ಮದು ಊಟ ಆಯ್ತಾ" ಅನ್ನುವವರು. ಆಮೇಲೆ ಜನ ನಂಬರನ್ನು ತಾವೇ ಹುಡುಕಿಕೊಳ್ಳುವುದನ್ನು ಕಲಿತರು, ನಮ್ಮ ವಿಭಾಗಕ್ಕೆ ಬೀಗ ಬಿತ್ತು. ಹೋದ ವರ್ಷ ಅಣ್ಣನೂ ಹೋದ.

ಡಬ್ಬದ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದ, ನನಗೇ ಬರೆದದ್ದು. "ಮಾರುವುದಾದರೆ: ತೊಳೆಯಬೇಡ, ತಿಕ್ಕಬೇಡ, ಕಪ್ಪಾಗಿದ್ದರೆ ಕಪ್ಪಗೇ ಇರಲಿ. ಮೂರು ಅಂಗಡಿ ಕೇಳು. ಬಿಡಿಬಿಡಿಯಾಗಿ ಮಾರಬೇಡ, ಒಳ್ಳೆಯದು ಹೋಗಿ ಕಸ ಉಳಿಯುತ್ತದೆ. ಒಟ್ಟಿಗೆ ಕೊಟ್ಟು ಮುಗಿಸಿಬಿಡು."

ತೊಳೆಯಲಿಲ್ಲ. ಮೂರು ಅಂಗಡಿಯನ್ನೂ ಕೇಳಿದೆ. ಮೊದಲನೆಯವನು ನನ್ನ ಮುಖ ನೋಡದೆ ರೇಟು ಹೇಳಿದ, ಎರಡನೆಯವನು ರೇಟನ್ನೂ ಹೇಳಲಿಲ್ಲ. ಮೂರನೆಯವರು ಸ್ಟೂಲು ಎಳೆದು, "ಕೂತ್ಕೊಳ್ಳಿ ಅಕ್ಕಾ, ಟೀ ಹೇಳ್ತೀನಿ, ಕವರಿನ ಮೇಲಿರೋದನ್ನ ಸ್ವಲ್ಪ ಓದಿ, ನನಗೆ ಈ ಗಾಜಲ್ಲಿ ಅಕ್ಷರ ಆನೆ ಗಾತ್ರ ಕಾಣುತ್ತೆ," ಅಂದರು. ಅಲ್ಲಿಗೆ ಅಣ್ಣನ ಮೂರನೇ ಮಾತು ನನ್ನಿಂದ ನಡೆಯಲಿಲ್ಲ. ಒಟ್ಟಿಗೆ ಕೊಟ್ಟರೆ ಒಂದು ಮಧ್ಯಾಹ್ನ. ಒಂದೊಂದೇ ಕೊಟ್ಟರೆ ಅರವತ್ತೊಂದು ಗುರುವಾರ.

ಸುಳ್ಳು ಯಾಕೆ ಹೇಳಲಿ, ನನಗೆ ಬೇಕಾಗಿದ್ದದ್ದು ಆ ಸ್ಟೂಲು. ಶುಕ್ರವಾರದಿಂದ ಬುಧವಾರದ ತನಕ ನಾನು ಆಡುವ ಮಾತು ಇಷ್ಟೇ: ದಿನಸಿ ಅಂಗಡಿಯವನಿಗೆ "ಚಿಲ್ಲರೆ ಇದೆ", ಕೆಳಮನೆಯವರಿಗೆ "ಹೂಂ, ಆರಾಮು". ಕೆಲವು ದಿನ ಸಂಜೆ ಗಂಟಲು ಸರಿಯಿದೆಯೋ ಇಲ್ಲವೋ ನೋಡೋಣ ಅಂತ ಗೋಡೆಗೆ, "ದಯವಿಟ್ಟು ಲೈನಿನಲ್ಲಿರಿ," ಅನ್ನುತ್ತಿದ್ದೆ.

ಅಂಗಡಿ ಇದ್ದದ್ದು ಗಡಿಯಾರ ರಿಪೇರಿಯವರ ಮೇಲೆ, ಮೊದಲ ಮಹಡಿಯಲ್ಲಿ. ಮೆಟ್ಟಿಲು ಒಬ್ಬರಿಗಾಗುವಷ್ಟೇ ಅಗಲ. ಮೆಟ್ಟಿಲ ಕೆಳಗೆ ಗೋಡೆಗೆ ಸಾಲಾಗಿ ಮೀಟರ್ ಪೆಟ್ಟಿಗೆಗಳು. ಕೊನೆಯ ಪೆಟ್ಟಿಗೆಯ ಮುಚ್ಚಳದಲ್ಲಿ ಒಂದು ಸ್ಕ್ರೂ ಸಡಿಲವಾಗಿ, ಯಾರಾದರೂ ಹತ್ತಿದರೆ ಸಾಕು, ಗಡಗಡ ಅನ್ನುತ್ತಿತ್ತು. ಆ ಸದ್ದು ಕೇಳಿಯೇ ಭೂತಗನ್ನಡಿ ಟೀಗೆ ಹೇಳುತ್ತಿದ್ದರು. ನಾನು ಕವರು ಓದುವುದು, ಅವರು ಹಸಿರು ಬಟ್ಟೆ ಹಾಸಿದ ತಟ್ಟೆಯಲ್ಲಿ ನಾಣ್ಯ ಇಟ್ಟು, ಮೊದಲು ಒಂದು ಮಗ್ಗುಲು, ಆಮೇಲೆ ಇನ್ನೊಂದು, ಆಮೇಲೆ ಅಂಚು ನೋಡುವುದು. ಬೆಲೆಯಿದ್ದರೆ ಗಾಜಿನ ಪೆಟ್ಟಿಗೆಗೆ, ಇಲ್ಲದಿದ್ದರೆ ರದ್ದಿ ಡಬ್ಬಕ್ಕೆ. ಹೆಚ್ಚಿನವು ರದ್ದಿಗೇ. ಅದಕ್ಕೂ ಏನೋ ಒಂದಿಷ್ಟು ಕೈಗಿಡುತ್ತಿದ್ದರು.

ಒಂಬತ್ತನೇ ವಾರದ ಕವರಿನ ಮೇಲೆ ಒಂದೇ ಪದವಿತ್ತು: "ನನ್ನದು."

"ನನ್ನದು ಅಂದ್ರೆ?" ಅಂದರು.

ಕಪ್ಪು ಹಿಡಿದ ತಾಮ್ರದ ಬಿಲ್ಲೆ, ಅಂಚು ಒಂದು ಕಡೆ ಸವೆದು ಚಪ್ಪಟೆ. ಅದು ಅಣ್ಣನ ಸ್ಕ್ರೂ ತೆಗೆಯುವ ನಾಣ್ಯ. ಕಚೇರಿಯಲ್ಲಿ ಕೊಟ್ಟ ಸ್ಕ್ರೂಡ್ರೈವರನ್ನು ಮೊದಲ ವಾರವೇ ಕಳೆದುಕೊಂಡು, ಸಾಹೇಬರಿಗೆ ಹೇಳಲು ಹೆದರಿ, ಮೂವತ್ತೆರಡು ವರ್ಷ ಮೀಟರ್ ಪೆಟ್ಟಿಗೆಯ ಮುಚ್ಚಳವನ್ನೆಲ್ಲ ಅದರಲ್ಲೇ ಬಿಚ್ಚಿದ. ನಿವೃತ್ತಿಯ ದಿನ ಸಾಹೇಬರು, "ಸ್ಕ್ರೂಡ್ರೈವರು ವಾಪಸು ಕೊಡಪ್ಪ," ಅಂದಾಗ ಅಂಗಡಿಗೆ ಓಡಿ ಹೊಸದು ತಂದುಕೊಟ್ಟನಂತೆ. "ಎಷ್ಟು ಜೋಪಾನವಾಗಿ ಇಟ್ಕೊಂಡಿದೀಯಯ್ಯಾ," ಅಂತ ಹೊಗಳಿದರಂತೆ ಅವರು.

ಭೂತಗನ್ನಡಿ ಆವತ್ತು ನಕ್ಕ ನಗುವಿಗೆ ಗಾಜು ಕಣ್ಣಿನಿಂದ ಜಾರಿ ಟೀಯೊಳಗೆ ಬಿತ್ತು. ನನಗೆ ಎರಡನೇ ಟೀ ಬಂತು. ನಾಣ್ಯಕ್ಕೆ ಬೆಲೆಯಿಲ್ಲ ಅಂದರು, ರದ್ದಿ ಡಬ್ಬದಲ್ಲಿ ಅದು ಟಣ್ ಅಂತ ಬಿತ್ತು. ಎರಡನೇ ಟೀಯ ಖುಷಿಯಲ್ಲಿ ನಾನು ಆ ಕಡೆ ತಿರುಗಿಯೂ ನೋಡಲಿಲ್ಲ.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಅಂತಾರೆ. ನಾನು ಕೂತು ಮಾತಾಡಿಯೇ ಡಬ್ಬ ಖಾಲಿ ಮಾಡಿದೆ. ಕೊನೆಯ ಕವರು ಕೊಟ್ಟ ದಿನ ಇದೇ ಕೊನೆಯದು ಅಂತ ಹೇಳಬೇಕೆಂದೇ ಹೋಗಿದ್ದೆ. ಹೊರಡುವಾಗ ಅವರು ಎಂದಿನ ಹಾಗೆ, "ಮೆಟ್ಟಿಲು ನೋಡ್ಕೊಂಡು ಅಕ್ಕಾ," ಅಂದರು. "ಹೂಂ," ಅಂದು ಇಳಿದುಬಿಟ್ಟೆ.

ಆ ಭಾನುವಾರ ಹಳೇ ಸಾಮಾನು ಮಾರುವ ಫುಟ್‌ಪಾತಿಗೆ ಹೋದೆ. ಒಬ್ಬಾಕೆ ಗೋಣಿಯ ಮೇಲೆ ನಾಣ್ಯ ಗುಡ್ಡೆ ಹಾಕಿಕೊಂಡಿದ್ದಳು, ಎಲ್ಲ ಥಳಥಳ.

"ಯಾವುದು ತಗೊಂಡ್ರೂ ಒಂದೇ ರೇಟಮ್ಮಾ. ಮೊಮ್ಮಗೂಗಾ?"

"ಅಲ್ಲ, ಮಾರೋದಕ್ಕೆ."

"ನನ್ನ ಹತ್ರ ತಗೊಂಡು ಮಾರ್ತೀರಾ? ಅದರಲ್ಲಿ ಲಾಭ ಇದೆಯಾ?"

"ಇದೆ," ಅಂದೆ.

ಮನೆಗೆ ಬಂದು ಕವರು ಮಾಡಿದೆ, ಅಣ್ಣನ ಹಾಗೆ ಓರೆಯಾಗಿ ಬರೆದೆ. ಅವನು ಕಾಣದ ಮನೆಗಳನ್ನು ನಾನೇ ಕಟ್ಟಿದೆ. ಮೊದಲನೆಯದು ಬಂದವರನ್ನೆಲ್ಲ ಬೈಯುವ ಗಿಣಿ ಸಾಕಿದ ಮನೆ, ಎರಡನೆಯದು ಅವಳಿಜವಳಿ ಮುದುಕರ ಮನೆ. ಎರಡಕ್ಕೂ ಟೀ ಬಂತು. ಕೊಂಡ ಬೆಲೆಯ ಕಾಲುಭಾಗ ವಾಪಸು ಬಂತು.

ಮೂರನೇ ಗುರುವಾರ ಅವರು ನಾಣ್ಯದ ಎರಡು ಮಗ್ಗುಲನ್ನೂ ನೋಡಿ, ಅಂಚಿಗೆ ಬಂದು ನಿಂತರು.

"ಇದು ಎಲ್ಲಿಯದಕ್ಕಾ?"

"ನಾಯಿ ಮನೆಯದು. ನಾಯಿ ಅಣ್ಣನ ಪ್ಯಾಂಟು ಹಿಡಿದು ಎಳೀತಂತೆ. ಮನೆಯಾಕೆ ತಪ್ಪಾಯ್ತು ಅಂತ ಇದನ್ನ ಕೊಟ್ಟರಂತೆ."

"ಯಾವ ಕಾಲು?"

"ಎಡಗಾಲು."

ಅವರು ನಗಲಿಲ್ಲ. ಭೂತಗನ್ನಡಿ ತೆಗೆದು ಬದಿಗಿಟ್ಟರು. ಆ ಕಣ್ಣಿನ ಸುತ್ತ ಬಳೆಯ ಗುರುತಿನ ಹಾಗೆ ಒಂದು ಕೆಂಪು ಗೆರೆ ಇತ್ತು. ಇಷ್ಟು ವಾರದಲ್ಲಿ ಅವರು ತಾವಾಗಿ ಗಾಜು ತೆಗೆದು ಎರಡು ಕಣ್ಣಿಂದಲೂ ನನ್ನನ್ನು ನೋಡಿದ್ದು ಆವತ್ತೇ.

"ಇಲ್ಲಿ ಮುಟ್ಟಿ ನೋಡಿ," ಅಂತ ನಾಣ್ಯವನ್ನು ನನ್ನ ಅಂಗೈಗೆ ಹಾಕಿದರು.

ಒಂದು ಕಡೆ ಅಂಚು ಚಪ್ಪಟೆ. ನನಗಿಂತ ಮೊದಲು ನನ್ನ ಹೆಬ್ಬೆರಳಿಗೆ ಗೊತ್ತಾಯಿತು.

"ಇದಕ್ಕೆ ನಾಯಿ ಇರಲಿಲ್ಲ ಅಕ್ಕಾ. ಇದಕ್ಕೆ ಸ್ಕ್ರೂ ಇತ್ತು."

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಮೂರು ವಾರದಿಂದ ಹಾಗಿದ್ದೆ. ಈಗ ಅದೂ ಇಲ್ಲ.

"ನನ್ನ ರದ್ದಿ ಡಬ್ಬಾನ ಹಳೇ ಸಾಮಾನು ಮಾರೋ ಫುಟ್‌ಪಾತಿನಾಕೆ ತಿಂಗಳಿಗೊಂದ್ಸಲ ತೂಕಕ್ಕೆ ಒಯ್ತಾಳೆ," ಅಂದರು. "ನಿಂಬೆಹುಳಿ ಹಾಕಿ ತಿಕ್ಕಿ ಹೊಳಪು ಬರಿಸ್ತಾಳೆ. ನಿಮ್ಮ ಅಣ್ಣನ ನಾಣ್ಯ ಒಂದಾದರೂ ತಿಕ್ಕಿದ್ದು ಇತ್ತಾ? ಗಿಣಿ ಮನೆಯದು ಬಂದಾಗಲೇ ಗೊತ್ತಾಯ್ತು ನನಗೆ."

"ಮತ್ಯಾಕೆ ತಗೊಂಡ್ರಿ?"

"ಗಿಣಿ ಏನು ಬೈತಿತ್ತು ಅಂತ ಕೇಳಬೇಕಿತ್ತು." ಆಮೇಲೆ, "ಇದಕ್ಕೆಷ್ಟು ಕೊಟ್ರಿ ಆಕೆಗೆ?" ಅಂದರು. ಹೇಳಿದೆ. "ಮೋಸ ಹೋದ್ರಿ. ನಾನಾಗಿದ್ರೆ ಅರ್ಧಕ್ಕೆ ಕೊಡ್ತಿದ್ದೆ."

ನಗಿಸಲು ಹೇಳಿದ್ದು ಅಂತ ಗೊತ್ತಾಯಿತು, ನಗು ಬರಲಿಲ್ಲ. ಸಿಕ್ಕಿಬಿದ್ದದ್ದಕ್ಕಲ್ಲ. ಮೂವತ್ತೆರಡು ವರ್ಷ ಅಣ್ಣನ ಅಂಗಿಯ ಜೇಬಿನಲ್ಲಿದ್ದ ನಾಣ್ಯ, ಇಸ್ತ್ರಿ ಮಾಡುವಾಗ ಎಷ್ಟೋ ಸಲ ನಾನೇ ತೆಗೆದಿಟ್ಟದ್ದು. ಗೋಣಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಚೌಕಾಸಿ ಮಾಡಿ ಅದನ್ನೇ ಕೊಂಡಿದ್ದೆ. ಮನೆಗೆ ತಂದು, ನನ್ನ ಕೈಯಾರೆ ಅದಕ್ಕೊಂದು ನಾಯಿಯ ಕತೆ ಬರೆದಿದ್ದೆ. ನಾನು ಅರವತ್ತೊಂದು ಕವರು ಓದಿದೆ, ಒಂದು ನಾಣ್ಯವನ್ನೂ ಸರಿಯಾಗಿ ನೋಡಿರಲಿಲ್ಲ.

"ಇದನ್ನ ನಾನು ತಗೊಳ್ಳಲ್ಲ," ಅಂದರು.

"ಬೇಡ ಬಿಡಿ. ಇನ್ನು ಬರೋದಕ್ಕೆ ನನ್ನ ಹತ್ರ ಕಾರಣಾನೂ ಇಲ್ಲ."

"ಕಾರಣ ನನ್ನ ಹತ್ರ ಮಾತ್ರ ಎಲ್ಲಿದೆ ಅಕ್ಕಾ? ಆದರೂ ದಿನಾ ಬಾಗಿಲು ತೆಗೀತೀನಲ್ಲ."

ಅಷ್ಟರಲ್ಲಿ ಕೆಳಗೆ ಮೀಟರ್ ಪೆಟ್ಟಿಗೆ ಗಡಗಡ ಅಂದಿತು. ಟೈ ಕಟ್ಟಿದ ಒಬ್ಬರು ಚರ್ಮದ ಆಲ್ಬಮ್ ಹಿಡಿದು ಬಂದು, "ಇಡೀ ಸಂಗ್ರಹ ಒಟ್ಟಿಗೆ ಕೊಡೋದಿದೆ, ಬೇಗ ನೋಡ್ತೀರಾ?" ಅಂದರು. ನಾನು ಎದ್ದೆ. ಟೈಯವರು ನನ್ನ ಸ್ಟೂಲಿನ ಮೇಲೆ ಕೂತರು. ಭೂತಗನ್ನಡಿ ಮತ್ತೆ ಕಣ್ಣಿಗೇರಿತು.

"ಮೆಟ್ಟಿಲು ನೋಡ್ಕೊಂಡು ಅಕ್ಕಾ."

"ಹೂಂ."

ನಿಧಾನ ಇಳಿದೆ. ಕೆಳಗೆ ಯಾರೂ ಇರಲಿಲ್ಲ, ಗಡಿಯಾರದವರು ಊಟಕ್ಕೆ ಹೋಗಿದ್ದರು. ಕೊನೆಯ ಪೆಟ್ಟಿಗೆಯ ಮುಚ್ಚಳ ಇನ್ನೂ ಸಣ್ಣಗೆ ನಡುಗುತ್ತಿತ್ತು. ಅಂಗೈ ಬಿಡಿಸಿ, ನಾಣ್ಯದ ಚಪ್ಪಟೆ ಅಂಚನ್ನು ಸ್ಕ್ರೂವಿನ ಗೀರಿಗೆ ಇಟ್ಟೆ. ಅದಕ್ಕೇ ಮಾಡಿಸಿದ ಹಾಗೆ ಕೂತಿತು. ಅರ್ಧ ಸುತ್ತು ತಿರುಗಿಸಿದೆ, ಆಮೇಲೆ ಇನ್ನರ್ಧ. ಸ್ಕ್ರೂ ಬಿಗಿಯಾಯಿತು. ಬೆರಳಿಂದ ಮುಚ್ಚಳ ತಟ್ಟಿ ನೋಡಿದೆ, ಅದು ಅಲುಗಲಿಲ್ಲ.

ಇನ್ನು ಯಾರು ಹತ್ತಿದರೂ ಮೇಲೆ ಕೇಳುವುದಿಲ್ಲ ಅನ್ನುವುದು ಆಗ ಹೊಳೆಯಿತು. ಮತ್ತೆ ನಾಣ್ಯ ಇಟ್ಟು, ಅರ್ಧ ಸುತ್ತು ಸಡಿಲ ಮಾಡಿದೆ.