ಮೌನೇಶಪ್ಪನ ನೀಲಿ ದಾರ

ನಾನು ಒಂದು ದಾರ. ಹೂ ಕಟ್ಟುವ ದಾರವಲ್ಲ, ಗಾಳಿಪಟದ ದಾರವೂ ಅಲ್ಲ. ಗೋಡೆಯ ಮೇಲೆ ಗೆರೆ ಹೊಡೆಯುವ ದಾರ. ಹುಟ್ಟಿದ್ದು ಗದಗಿನ ಒಂದು ನೂಲಿನ ಗಿರಣಿಯಲ್ಲಿ. ಊರಿನ ಅಂಗಡಿಗಳಿಗೆಲ್ಲ ಬೋರ್ಡ್ ಬರೆಯುತ್ತಿದ್ದ ದಾವಲಸಾಬರು ನನ್ನನ್ನು ಕೊಂಡುತಂದು, ಬಟ್ಟೆಗೆ ಹಾಕುವ ನೀಲಿ ಪುಡಿಯಲ್ಲಿ ಹೊರಳಾಡಿಸಿದರು. ಇಬ್ಬರು ಎರಡು ತುದಿ ಹಿಡಿದು ಗೋಡೆಗೆ ಬಿಗಿಯಾಗಿ ಒತ್ತಬೇಕು, ನಡುವೆ ಎಳೆದು ಬಿಡಬೇಕು. ಟಪ್. ನೇರವಾದ ನೀಲಿ ಗೆರೆ ಸಿದ್ಧ. ಮೇಲೊಂದು, ಕೆಳಗೊಂದು ಗೆರೆ ಹೊಡೆದರೆ ನಡುವೆ ಅಕ್ಷರಗಳು ಶಿಸ್ತಾಗಿ ನಿಲ್ಲುತ್ತವೆ. ಬರೆದಾದ ಮೇಲೆ ನನ್ನ ಗೆರೆಯನ್ನು ಒದ್ದೆ ಬಟ್ಟೆಯಿಂದ ಒರೆಸಿಬಿಡುತ್ತಾರೆ. ನನಗೆ ಅದರ ಬೇಸರವಿಲ್ಲ.

ನನ್ನ ಇನ್ನೊಂದು ತುದಿ ಹಿಡಿಯುತ್ತಿದ್ದವನು ಮೌನೇಶ, ಕೆಲಸ ಕಲಿಯಲು ಬಂದ ಶಿಷ್ಯ. ದಾವಲಸಾಬರದ್ದೊಂದು ಪದ್ಧತಿ ಇತ್ತು. ಶಿಷ್ಯನ ಕೈ ಗೆರೆಯಿಲ್ಲದೆ ನೇರವಾಗಿ ಓಡತೊಡಗಿದರೆ ದಾರವನ್ನು ಸುತ್ತಿ ಅವನ ಅಂಗೈಯಲ್ಲಿಡುತ್ತಿದ್ದರು. "ಇನ್ನ ನಿನಗ ಇದರ ಹಂಗಿಲ್ಲಪಾ ಮೌನೇಶ" ಎಂದು ನನ್ನನ್ನು ಅವನಿಗೆ ಕೊಟ್ಟರು.

ಹೀಗೆ ನಾನು ಮೌನೇಶನ ಅಂಗಡಿಯ ಮೊಳೆಗೆ ಏರಿದೆ. ಉಸ್ತಾದ ದಾವಲಸಾಬರ ಫೋಟೋ ಪಕ್ಕದಲ್ಲೇ ನನ್ನ ಜಾಗ, ದಿನವೂ ಊದುಬತ್ತಿ. ಕೆಲಸವಿಲ್ಲದೆ ಮರ್ಯಾದೆ ಮಾತ್ರ ಸಿಗುವ ಬದುಕು ಚೆನ್ನಾಗಿಯೇ ಇರುತ್ತದೆ. ಮೌನೇಶ ಮೌನೇಶಪ್ಪನಾದ, ಊರಿನ ಗೋಡೆಗಳೆಲ್ಲ ಅವನ ಅಕ್ಷರದಿಂದ ತುಂಬಿದವು. ಬೇರೆ ಪೇಂಟರ್ ಯಾರಾದರೂ ದಾರ ಹಿಡಿದರೆ ಅವನು ಸುಮ್ಮನೆ ಹೋಗುವವನಲ್ಲ. "ಏನಪಾ, ಅಕ್ಷರ ಓಡಿ ಹೋಗ್ತಾವಂತ ಹಗ್ಗ ಕಟ್ಟಾಕತ್ತೀ ಏನು?" ಎನ್ನುತ್ತಿದ್ದ.

ಏನೋ ಕೆಟ್ಟಿದೆ ಎಂದು ಮೊದಲು ಕಂಡದ್ದು ಮೊಳೆಯ ಮೇಲಿದ್ದ ನನಗೇ. ಒಂದು ದಿನ ಟರ್ಪೆಂಟೈನ್ ಡಬ್ಬಿ ಉರುಳಿತು. ಒಳಮನೆಯಿಂದ ಹೆಂಡತಿ ನೀಲವ್ವ ಮೂಗು ಮುಚ್ಚಿಕೊಂಡು ಓಡಿಬಂದರೆ, ಅದರ ಪಕ್ಕದಲ್ಲೇ ಕೂತಿದ್ದ ಮೌನೇಶಪ್ಪನಿಗೆ ವಾಸನೆಯೇ ಬಂದಿರಲಿಲ್ಲ. ಆಮೇಲೆ ನಡೆಯುವಾಗ ಬಲಗೈ ಬೀಸುವುದು ನಿಂತಿತು. ಮುಖದ ನಗು ಮಾಯವಾಯಿತು. ಮೌನೇಶಪ್ಪನಿಗೆ ಸೊಕ್ಕು ಬಂದಿದೆ ಎಂದು ಗಿರಾಕಿಗಳು ಆಡಿಕೊಂಡರು.

ಕೊನೆಗೆ ಅಕ್ಷರಕ್ಕೂ ತಟ್ಟಿತು. ಹಿಟ್ಟಿನ ಗಿರಣಿಯವನು ತನ್ನ ಬೋರ್ಡ್ ನೋಡಿ, "ಮೌನೇಶಣ್ಣ, ಮದಲನೇ ಅಕ್ಷರ ಆನಿ ಆಗೇತಿ, ಕಡೀದು ಇರುವಿ ಆಗೇತಿ" ಎಂದ. ಎಲ್ಲವನ್ನೂ ಒಂದೇ ಅಳತೆಯಲ್ಲಿ ಬರೆದಿದ್ದೇನೆ ಎಂದೇ ಮೌನೇಶಪ್ಪ ನಂಬಿದ್ದ. ಬ್ರಶ್ ಬದಲಿಸಿದ, ಬೋರ್ಡನ್ನು ಬೈದ. ಸುಮ್ಮನೆ ಕೂತಾಗ ಕೈ ನಡುಗತೊಡಗಿದ ಮೇಲೆ ಜನ ಕುಡಿತ ಎಂದರು. ಗಂಡನನ್ನು ಚೆನ್ನಾಗಿ ಬಲ್ಲ ನೀಲವ್ವಳೂ ಒಮ್ಮೆ, ಅವನು ಮಲಗಿದ್ದಾಗ, ಬಾಯಿ ಮೂಸಿ ನೋಡಿದಳು. ಬರೀ ಚಹಾದ ವಾಸನೆ.

ಹುಬ್ಬಳ್ಳಿಯ ಡಾಕ್ಟರ್ ಹತ್ತಿರ ನಾನು ಹೋಗಿರಲಿಲ್ಲ. ತಿರುಗಿ ಬಂದ ನೀಲವ್ವ ಪಕ್ಕದ ಮನೆಯವಳಿಗೆ ಹೇಳಿದ್ದನ್ನು ಕೇಳಿಸಿಕೊಂಡೆ. "ಪಾರ್ಕಿನ್ಸನ್ ಅಂತವ್ವಾ. ಮಿದುಳಿನ ಒಳಗ ಕರ್ರಗಿಂದು ಒಂದು ಸಣ್ಣ ಜಾಗ ಐತಂತ. ಅಲ್ಲಿ ಡೋಪಮಿನ್ ಅನ್ನೋ ರಸ ತಯಾರ ಆಗ್ತೈತಂತ. ಅದನ್ನ ಮಾಡೋ ಜೀವಕಣ ಸಾಯಾಕತ್ತಾವು. ಅರ್ಧಕ್ಕಿಂತ ಹೆಚ್ಚು ಹೋಗೂತನಕ ಯಾರಿಗೂ ತಿಳಿಯಂಗಿಲ್ಲಂತ. ಆ ರಸ ಕಡಿಮಿ ಆದ್ರ, ದೊಡ್ಡದ ಬರದೀನಿ ಅಂತ ಮಿದುಳು ತಿಳ್ಕೊಂಡಿರತೈತಿ, ಕೈ ಮಾತ್ರ ಸಣ್ಣದ ಬರೀತೈತಿ."

ಸತ್ತ ಜೀವಕಣಗಳು ಮರಳಿ ಬರುವುದಿಲ್ಲ. ಆದರೆ ಮಿದುಳು ಸೇರಿ ಡೋಪಮಿನ್ ಆಗುವ ಮಾತ್ರೆ ಉಂಟು, ಅದನ್ನು ಕೊಟ್ಟರು. ಡಾಕ್ಟರಮ್ಮ ಇನ್ನೊಂದನ್ನೂ ಮಾಡಿ ತೋರಿಸಿದ್ದರು. ಖಾಲಿ ಹಾಳೆಯ ಮೇಲೆ ಕುಗ್ಗಿದ ಅಕ್ಷರ, ಗೆರೆ ಹಾಕಿದ ಹಾಳೆಯ ಮೇಲೆ ತುಂಬಿಕೊಂಡು ಬಂದಿತ್ತು. ಒಳಗಿನ ಅಳತೆ ಕೈಕೊಟ್ಟರೂ ಕಣ್ಣಿಗೆ ಕಾಣುವ ಗೆರೆ ಕೈಯನ್ನು ಬೇರೆ ದಾರಿಯಲ್ಲಿ ನಡೆಸಬಲ್ಲದು ಎಂದರಂತೆ.

ಮಾತ್ರೆಯಿಂದ ಮೈ ಸಡಿಲವಾಯಿತು, ಅಕ್ಷರ ಮಾತ್ರ ಪೂರ್ತಿ ಸುಧಾರಿಸಲಿಲ್ಲ. ಬಾಲಕಿಯರ ಶಾಲೆಯ ಗೋಡೆ ಬರೆಯಲು ಒಪ್ಪಿಕೊಂಡಿದ್ದ ಮೌನೇಶಪ್ಪ ಅದನ್ನು ಬೇರೆಯವರಿಗೆ ಕೊಡಲು ಹೇಳಿದ. "ಉಸ್ತಾದರು ಹಂಗಿಲ್ಲ ಅಂದದ್ದನ್ನ ಮತ್ತ ಹಿಡಿಯೂದಕ್ಕಿಂತ ಬರಿಯದ ಇರೂದ ಚೊಲೊ" ಎಂದು ಬ್ರಶ್‌ಗಳನ್ನು ಗಂಟು ಕಟ್ಟಿಟ್ಟ. ನನಗೆ ಬಹಳ ದುಃಖವಾಯಿತು. ನನ್ನಂಥ ದಾರ ಕೈಗೆ ಬಂದರೆ ಅವಮಾನ ಎಂದು ಅವನು ತಿಳಿದಿದ್ದ, ಮೊಳೆಯ ಮೇಲಿಂದ ನಾನು ಏನು ಹೇಳಬಲ್ಲೆ?

ನೀಲವ್ವ ಸ್ಟೂಲ್ ಹತ್ತಿ ನನ್ನನ್ನು ಇಳಿಸಿದಳು, ಧೂಳು ಕೊಡವಿದಳು, ನೀಲಿ ಪುಡಿ ಸವರಿದಳು. ಹಿತ್ತಲ ಗೋಡೆಗೆ ಒಂದು ತುದಿ ಒತ್ತಿ ಹಿಡಿದು, "ಬರ್ರಿ ಇಲ್ಲೆ. ಒಬ್ಬಾಕಿನ ಹಿಡಿದ್ರ ಸೊಟ್ಟ ಬೀಳತೈತಿ" ಎಂದಳು.

ಸೊಟ್ಟ ಗೆರೆಯನ್ನು ನೋಡಿಕೊಂಡು ಸುಮ್ಮನಿರುವುದು ಮೌನೇಶಪ್ಪನ ಜಾಯಮಾನವೇ ಅಲ್ಲ. ಗೊಣಗುತ್ತ ಬಂದು ಇನ್ನೊಂದು ತುದಿ ಹಿಡಿದ. ಎರಡು ಗೆರೆ ಬಿದ್ದವು. ನಡುವೆ ಶಾಲೆಯ ಹೆಸರು ಬರೆದ. ಕೊನೆಯ ಅಕ್ಷರ ಮೊದಲನೆಯದರಷ್ಟೇ ಎತ್ತರವಿತ್ತು. ಅವನ ಮುಖಕ್ಕೆ ನಗಲು ಬರಲಿಲ್ಲ, ಕಣ್ಣು ಮಾತ್ರ ತುಂಬಿ ಬಂದವು.

ಶಾಲೆಯ ಗೋಡೆಯನ್ನು ಅವನೇ ಬರೆದ, ನಡುಹಗಲಲ್ಲಿ, ಎಲ್ಲರ ಎದುರು. ಹಿಂದೆ ಅವನಿಂದ ಅನ್ನಿಸಿಕೊಂಡಿದ್ದ ಪೇಂಟರ್ ಒಬ್ಬ ಸೈಕಲ್ ನಿಲ್ಲಿಸಿ, "ಮೌನೇಶಣ್ಣ, ನೀವೂ ಹಗ್ಗ ಕಟ್ಟೀರಲ್ಲ" ಎಂದ. "ಹೌದಪಾ, ನನ್ನ ಅಕ್ಷರ ಈಗ ಓಡಾಕ ಕಲತಾವು" ಎಂದ ಮೌನೇಶಪ್ಪ. ಸೈಕಲ್ಲಿನವನು ಇಳಿದು ಏಣಿ ಹಿಡಿದುಕೊಂಡ. ಅಂಥ ಕೆಲಸದ ವರ್ಷಗಳು ಇನ್ನೂ ಕೆಲವು ನಮಗೆ ಸಿಕ್ಕವು.

ಈಗ ಮೌನೇಶಪ್ಪ ಗೋಡೆ ಬರೆಯುವುದಿಲ್ಲ. ನಾನೂ ಅಲ್ಲಲ್ಲಿ ಹರಿದು, ಗಂಟು ಹಾಕಿಸಿಕೊಂಡು, ಅಡುಗೆಮನೆಯ ಮೂಲೆ ಸೇರಿದ್ದೇನೆ. ಅವನ ಕಾಲು ಅಡುಗೆಮನೆಯ ಬಾಗಿಲಿಗೆ ಬಂದರೆ ನೆಲಕ್ಕೆ ಅಂಟಿಕೊಂಡುಬಿಡುತ್ತದೆ, ಎಷ್ಟು ಹೇಳಿದರೂ ಏಳುವುದಿಲ್ಲ. ಆದರೆ ನೆಲದ ಮೇಲೆ ಅಡ್ಡ ಗೆರೆ ಕಂಡರೆ ಅದನ್ನು ದಾಟಲು ಎದ್ದೇಳುತ್ತದೆ. ಕೈಗೆ ದಾರಿ ತೋರಿಸಿದ ಗೆರೆಯೇ ಕಾಲಿಗೂ ಆಗುತ್ತದೆ. ಗಂಟುಬಿದ್ದ ಮುದಿ ದಾರಕ್ಕೂ ಕೆಲಸವಿದೆ ಎಂದು ನನಗೆ ಸಂತೋಷ.

ದಿನಾ ನೆಲ ಒರೆಸಿದಾಗ ಗೆರೆಗಳು ಅಳಿಸಿಹೋಗುತ್ತವೆ. ನೀಲವ್ವ ನೆಲ ಒಣಗಲು ಬಿಟ್ಟು, ನನ್ನ ಒಂದು ತುದಿಯನ್ನು ಬಾಗಿಲ ಬಳಿ ಕುರ್ಚಿಯಲ್ಲಿ ಕೂತ ಮೌನೇಶಪ್ಪನಿಗೆ ಕೊಡುತ್ತಾಳೆ. ಅವನು ಬಗ್ಗಿ ನೆಲಕ್ಕೆ ಹಿಡಿಯುತ್ತಾನೆ. ಅವನ ಕೈ ನಡುಗುತ್ತದೆ, ಜೊತೆಗೆ ನಾನೂ ನಡುಗುತ್ತೇನೆ. ಅವಳು ಆ ಕಡೆಯಿಂದ ಎಳೆದು ಬಿಗಿ ಮಾಡುತ್ತಾಳೆ, ನಡುಕ ನಿಲ್ಲುತ್ತದೆ. ಟಪ್. ಮೌನೇಶಪ್ಪ ಎದ್ದು, ಗೆರೆ ದಾಟಿಕೊಂಡು, ಚಹಾಕ್ಕೆ ಬರುತ್ತಾನೆ.